ಮೀನುಮರಿ ಎಣಿಸಿದರೆ ಮುಂದಿನ ವರ್ಷದ ಬೂತಾಯಿ ಎಷ್ಟು ಅಂತ ಗೊತ್ತಾಗುತ್ತಾ?

ಕಡಲಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು) ಮತ್ತು ಮೀನುಮರಿಗಳ ಸರ್ವೇ ಹೇಗೆ ಮಾಡುತ್ತಾರೆ, ಅದರಿಂದ ಮುಂದಿನ ವರ್ಷ ಬೂತಾಯಿ (ನಮ್ಮ ಕಡಲಿನ ಸಾರ್ಡೀನ್) ಎಷ್ಟು ಸಿಗುತ್ತದೆ ಅಂತ ಹೇಳಬಹುದಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ: ಆಗುವುದಿಲ್ಲ. ಮರಿಗಳ ಲೆಕ್ಕದಿಂದ ತಿಳಿಯುವುದು ಜಾಸ್ತಿ ಅವುಗಳ ಅಪ್ಪ ಅಮ್ಮನ ವಿಷಯ. ಎಷ್ಟು ದೊಡ್ಡ ಮೀನು ಮೊಟ್ಟೆ ಇಟ್ಟಿವೆ, ಎಲ್ಲಿ, ಯಾವಾಗ, ಇಷ್ಟು. ಮರಿಗಳಲ್ಲಿ ಬದುಕಿ ಉಳಿಯುವವು ಎಷ್ಟು ಅನ್ನುವುದು ಬೇರೆಯೇ ಕಥೆ.

ನಾನು ಮಂಗಳೂರು ಕಡೆ ಇಂಥ ಸರ್ವೇಗಳಲ್ಲಿ ಕೆಲಸ ಮಾಡಿದವನು. ಬೋಟಿನಲ್ಲಿ ಕಳೆದ ಹೊತ್ತು ಕಡಿಮೆ, ಮೈಕ್ರೋಸ್ಕೋಪಿನ ಮುಂದೆ ಕಳೆದದ್ದೇ ಜಾಸ್ತಿ.

ಬಲೆ ಹೀಗಿರುತ್ತದೆ. ಸುಮಾರು 60 ಸೆಂಟಿಮೀಟರ್ ಅಗಲದ ಎರಡು ಕಬ್ಬಿಣದ ಬಳೆ ಅಕ್ಕಪಕ್ಕ ಜೋಡಿಸಿರುತ್ತಾರೆ. ಎರಡಕ್ಕೂ ಉದ್ದನೆಯ ಬಲೆ, ತುದಿಯಲ್ಲಿ ಒಂದು ಡಬ್ಬಿ. ಇದಕ್ಕೆ ಬಾಂಗೋ ನೆಟ್ ಅನ್ನುತ್ತಾರೆ. ಬಲೆಯ ಕಣ್ಣು 0.3ರಿಂದ 0.5 ಮಿಲಿಮೀಟರ್. ಬೋಟು ಎರಡು ನಾಟ್ (ಗಂಟೆಗೆ ಸುಮಾರು 3.7 ಕಿಲೋಮೀಟರ್) ವೇಗ ದಾಟಬಾರದು. ದಾಟಿದರೆ ನೀರು ಬಲೆಯೊಳಗೆ ಸೋಸಿ ಹೋಗದೆ ಬಾಯಿಂದಲೇ ಪಕ್ಕಕ್ಕೆ ತಳ್ಳಿಹೋಗುತ್ತದೆ, ತೆಳ್ಳಗಿನ ಮರಿಗಳು ಕಣ್ಣಿನಿಂದ ಹಿಂಡಿಕೊಂಡು ಆಚೆ ಹೋಗುತ್ತವೆ. ಮೀನಿನ ಹಿಂದೆ ಓಡಿ ಅಭ್ಯಾಸವಾದ ತಂಡೇಲರಿಗೆ (ಬೋಟು ಓಡಿಸುವವರಿಗೆ) ಇಷ್ಟು ನಿಧಾನ ಓಡಿಸುವುದು ದೊಡ್ಡ ಶಿಕ್ಷೆ! ಬಲೆಯನ್ನು ತಳದ ಹತ್ತಿರಕ್ಕೆ ಇಳಿಸಿ, ಓರೆಯಾಗಿ ಒಂದೇ ಸಮ ಮೇಲಕ್ಕೆ ಎಳೆಯಬೇಕು. ಆಗ ಎಲ್ಲ ಆಳದ ನೀರೂ ಸಮಪಾಲು ಬರುತ್ತದೆ.

ಬಲೆಗಿಂತ ಮುಖ್ಯವಾದ ವಸ್ತು ಅದರ ಬಾಯಲ್ಲಿ ತೂಗುವ ಫ್ಲೋಮೀಟರ್. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಚಕ್ರ, ನೀರು ಹಾದಂತೆ ತಿರುಗುತ್ತದೆ. ಎಷ್ಟು ನೀರು ಸೋಸಿದೆವು ಅಂತ ಅದರಿಂದ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ಡಬ್ಬಿಯಲ್ಲಿ ಎಷ್ಟು ಮರಿ ಬಂದರೂ ಅದು ಬರೀ ಸಂಖ್ಯೆ. ಒಂದು ಉದಾಹರಣೆ ನೋಡಿ. ಆ ಬಳೆಯ ಬಲೆ 300 ಮೀಟರ್ ಸಾಗಿದರೆ ಒಂದರಲ್ಲಿ ಸುಮಾರು 85 ಘನ ಮೀಟರ್ ನೀರು ಸೋಸುತ್ತದೆ. ಅದರಲ್ಲಿ 34 ಬೂತಾಯಿ ಮರಿ ಸಿಕ್ಕಿದರೆ ಘನ ಮೀಟರಿಗೆ 0.4. ಆಳ 20 ಮೀಟರ್ ಆದರೆ ಒಂದು ಚದರ ಮೀಟರ್ ಕಡಲಿನ ಕೆಳಗೆ 8 ಮರಿ. ಹತ್ತು ಚದರ ಮೀಟರಿಗೆ 80 ಅಂತ ಬರೆಯುವುದು ರೂಢಿ. ಹೀಗೆ ಬರೆದಾಗ ಮಾತ್ರ ಮಲ್ಪೆಯ ಎಣಿಕೆಯನ್ನು ಕಾರವಾರದ್ದರ ಜೊತೆ ಇಟ್ಟು ನೋಡಬಹುದು. ಬಲೆ ಖಾಲಿ ಬಂದ ಜಾಗದ ಸೊನ್ನೆಯನ್ನೂ ಬರೆಯಲೇಬೇಕು. ಸೊನ್ನೆ ಬಿಟ್ಟು ಸರಾಸರಿ ತೆಗೆದರೆ ಕಡಲು ತುಂಬ ಮರಿ ಇದ್ದಂತೆ ಕಾಣುತ್ತದೆ.

ಹೊತ್ತೂ ಬರೆದಿಡಬೇಕು. ಹಗಲಲ್ಲಿ ಮರಿಗಳು ಬಲೆ ಕಂಡು ತಪ್ಪಿಸಿಕೊಳ್ಳುತ್ತವೆ, ಹಲವು ಪ್ಲಾಂಕ್ಟನ್ ಕೆಳಗೆ ಇಳಿದಿರುತ್ತವೆ. ರಾತ್ರಿ ಅದೇ ಜಾಗದಲ್ಲಿ ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ.

ಡಬ್ಬಿಯಲ್ಲಿ ಬಂದದ್ದನ್ನು ತಕ್ಷಣ ಫಾರ್ಮಲಿನ್‌ಗೆ ಹಾಕುತ್ತೇವೆ. ನಮ್ಮ ಸೆಖೆಯಲ್ಲಿ ಮರಿ ಬೇಗ ಕೊಳೆಯುತ್ತದೆ. ಹುಳಿಯಾದ ಫಾರ್ಮಲಿನ್ ಎಲುಬು ಕರಗಿಸುವುದರಿಂದ ಸ್ವಲ್ಪ ಬೋರಾಕ್ಸ್ ಸೇರಿಸಬೇಕು. ಡಿಎನ್ಎ ನೋಡಬೇಕಾದರೆ ಇನ್ನೊಂದು ಬಲೆಯದ್ದನ್ನು ಆಲ್ಕೋಹಾಲಿನಲ್ಲಿ ಇಡುತ್ತೇವೆ. ಜೋಡಿ ಬಲೆಯ ಉಪಯೋಗ ಅದೇ. ಆಮೇಲೆ ಲ್ಯಾಬಿನಲ್ಲಿ ಹೆಕ್ಕುವ ಕೆಲಸ. ಕಾಣುವುದರಲ್ಲಿ ಬಹುಪಾಲು ಕೋಪೆಪಾಡ್ ಅನ್ನುವ ಸಿಗಡಿ ಜಾತಿಯ ಪುಟ್ಟ ಜೀವಿಗಳು, ಮೀನುಮರಿ ಅಲ್ಲೊಂದು ಇಲ್ಲೊಂದು. ಬೂತಾಯಿ ಮರಿ ನೂಲಿನ ಎಳೆಯ ಹಾಗೆ, ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಪಾರದರ್ಶಕ, ಕರುಳು ನೆಟ್ಟಗೆ ಬಾಲದ ಹತ್ತಿರದವರೆಗೆ. ಬೊಳಂಜೀರ್ (ಆಂಚೊವಿ) ಮರಿಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸ್ವಲ್ಪ ಬೆಳೆದ ಮೇಲೆ ಬೆನ್ನಿನ ರೆಕ್ಕೆ, ಹೊಟ್ಟೆ ಕೆಳಗಿನ ಹಿಂದಿನ ರೆಕ್ಕೆ ಎಲ್ಲೆಲ್ಲಿ ಇವೆ ಅಂತ ನೋಡಿ ಬೇರೆ ಮಾಡಬೇಕು. ನಂಗ್ ಅನ್ನುವ ಚಪ್ಪಟೆ ಮೀನಿನ ಮರಿ ಸಿಕ್ಕಿದರೆ ಸುಮ್ನೆ ನೋಡುತ್ತಾ ಕೂರಬೇಕು ಅನಿಸುತ್ತದೆ. ಹುಟ್ಟುವಾಗ ಎರಡೂ ಪಕ್ಕದಲ್ಲಿ ಒಂದೊಂದು ಕಣ್ಣು, ಬೆಳೆಯುತ್ತಾ ಒಂದು ಕಣ್ಣು ಆಚೆ ಪಕ್ಕಕ್ಕೆ ದಾಟುತ್ತದೆ.

ಈಗ ಆ ‘ಆಗುವುದಿಲ್ಲ’ಕ್ಕೆ ಕಾರಣ. ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್ ಇದನ್ನು 1914ರಲ್ಲೇ ಬರೆದರು. ಅಲ್ಲಿ 1904ರಲ್ಲಿ ಹುಟ್ಟಿದ ಹೆರ್ರಿಂಗ್ ಮೀನುಗಳೇ ಮುಂದೆ ಎಷ್ಟೋ ವರ್ಷ ಬಲೆ ತುಂಬಿದವು. ಮೊಟ್ಟೆಯಿಂದ ಹೊಟ್ಟೆಯಲ್ಲಿ ಹೊತ್ತು ತಂದ ಹಳದಿ ಭಾಗ ಮುಗಿದ ಕೂಡಲೇ ಮರಿಗೆ ತಿನ್ನಲು ಪ್ಲಾಂಕ್ಟನ್ ಸಿಕ್ಕಿತೇ ಇಲ್ಲವೇ ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತ ಅವರ ಊಹೆ. ತಿನ್ನುವ ಶತ್ರುಗಳು, ಪ್ರವಾಹ ಎಲ್ಲ ಸೇರಿವೆ ಅಂತ ಆಮೇಲೆ ಗೊತ್ತಾಯಿತು. ಲೆಕ್ಕ ಸರಳ: ಸಾವಿರ ಮರಿಯಲ್ಲಿ 999 ಸತ್ತರೆ ಉಳಿಯುವುದು ಒಂದು. 998 ಸತ್ತರೆ ಎರಡು. ಬಂದರಿಗೆ ಬರುವ ಮೀನು ಎರಡು ಪಟ್ಟು! ಅಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುವ ಬಲೆ ಇಲ್ಲ.

ಹಾಗಾದರೆ ಯಾಕೆ ಮಾಡಬೇಕು? ಕ್ಯಾಲಿಫೋರ್ನಿಯಾದಲ್ಲಿ ಸಾರ್ಡೀನ್ ಕುಸಿದಾಗ ಶುರುವಾದ ಕ್ಯಾಲ್‌ಕೋಫಿ ಸರ್ವೇ 1949ರಿಂದ ನಡೆಯುತ್ತಿದೆ. ಹಳೆಯ ಬಾಟಲಿಗಳನ್ನೂ ಇಟ್ಟುಕೊಂಡಿದ್ದಾರೆ. ಬಲೆ ಎಲ್ಲ ಜಾತಿಯ ಮರಿಯನ್ನೂ ಹಿಡಿಯುತ್ತದಲ್ವಾ? ಹಾಗಾಗಿ ಯಾರೂ ಹಿಡಿಯದ, ಮಾರದ ಮೀನುಗಳ ಏರಿಳಿತವೂ ಅಲ್ಲಿ ದಾಖಲಾಗಿದೆ. ಬಂದರಿನ ಲೆಕ್ಕ ಇದನ್ನು ಯಾವತ್ತೂ ಕೊಡುವುದಿಲ್ಲ. ನನ್ನ ಪ್ರಕಾರ ಸರ್ವೇಯ ನಿಜವಾದ ಲಾಭ ಇದು.

ನಮ್ಮ ಕರಾವಳಿಯಲ್ಲಿ ಒಂದು ಫಜೀತಿ ಇದೆ. ಮಳೆಗಾಲದಲ್ಲಿ ಆಳದ ತಣ್ಣಗಿನ ನೀರು ತೀರದ ಕಡೆ ಮೇಲೇರಿ ಪ್ಲಾಂಕ್ಟನ್ ಉಕ್ಕುತ್ತದೆ, ಬೂತಾಯಿ ಮೊಟ್ಟೆ ಇಡುವುದೂ ಆಗಲೇ. ಅದೇ ಹೊತ್ತಿಗೆ ಕಡಲು ಒರಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬಾಡಿಗೆಗೆ ಬೋಟೂ ಸಿಗುವುದು ಕಷ್ಟ. ಸಾಗರ ಸಂಪದದಂಥ ದೊಡ್ಡ ಸಂಶೋಧನಾ ಹಡಗು ಆ ಅಲೆಗೆ ಅಂಜುವುದಿಲ್ಲ, ಆದರೆ ದಡದ ಹತ್ತಿರದ ಆಳವಿಲ್ಲದ ನೀರಿಗೆ ಬರಲಾಗದು. ಪ್ಲಾಂಕ್ಟನ್ನೂ ಆಗ ಎಷ್ಟು ದಟ್ಟ ಅಂದರೆ ಬಲೆಯ ಕಣ್ಣು ಕಟ್ಟಿಕೊಂಡು ಫ್ಲೋಮೀಟರ್ ತಿರುಗುವುದೇ ನಿಧಾನವಾಗುತ್ತದೆ. ಯಾವುದಾದರೂ ವರದಿಯಲ್ಲಿ ಬೂತಾಯಿ ಮರಿಗಳ ಗ್ರಾಫ್ ಕಂಡರೆ, ಅದರಲ್ಲಿ ಜೂನ್–ಜುಲೈನ ಅಂಕಿ ಇದೆಯಾ ಅಂತ ಮೊದಲು ನೋಡಿ.