‘ವಿಜ್ಞಾನಿಗಳು ಹೇಳುತ್ತಾರೆ’ ಅಂದರೆ ಯಾರು ಹೇಳುತ್ತಾರೆ?

ಪ್ರಿಯ ಟೀಚರ್,

ನಮಸ್ಕಾರ. ನೀವು ಕಳಿಸಿದ ‘ಮೆದುಳೆಂಬ ಮಾಯಾಲೋಕ’ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಶಾಲೆಯ ನಿಮ್ಮ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಆದರೆ ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಎಡ ಮೆದುಳು, ಬಲ ಮೆದುಳು, ನೆನಪಿಗೆ ಬಾದಾಮಿ, ಅವನ್ನೆಲ್ಲ ಸದ್ಯ ಬಿಡುತ್ತೇನೆ. ಎರಡು ಕಡೆ ನನಗೆ ಓದು ಮುಂದೆ ಹೋಗಲೇ ಇಲ್ಲ. ಅಷ್ಟನ್ನೇ ಹೇಳುತ್ತೇನೆ.

ನಿಮ್ಮ ಎರಡನೇ ಪ್ಯಾರಾ ತೆಗೆಯಿರಿ. “ಮನುಷ್ಯ ತನ್ನ ಮೆದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತಾನೆ ಎಂದು ವಿಜ್ಞಾನಿಗಳು ಹೇಳುತ್ತಾರೆ.” ಯಾವ ವಿಜ್ಞಾನಿಗಳು? ಎಲ್ಲಿ ಹೇಳಿದರು? ಹುಡುಕುತ್ತಾ ಹೋದರೆ ಕೊನೆಗೆ ಸಿಗುವವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್. ನಮ್ಮೊಳಗಿನ ಶಕ್ತಿಯಲ್ಲಿ ಸಣ್ಣ ಪಾಲನ್ನಷ್ಟೇ ನಾವು ಬಳಸುತ್ತೇವೆ ಎಂದು ಅವರು 1907ರಲ್ಲಿ ಬರೆದರು. ಅದು ಮನುಷ್ಯನ ಉತ್ಸಾಹದ ಬಗ್ಗೆ ಆಡಿದ ಮಾತು. 1936ರಲ್ಲಿ ಒಂದು ಜನಪ್ರಿಯ ಪುಸ್ತಕದ ಮುನ್ನುಡಿಯಲ್ಲಿ ಅದಕ್ಕೆ ‘ಶೇಕಡಾ 10’ ಅಂಟಿಕೊಂಡಿತು, ಜೇಮ್ಸ್ ಹೆಸರಿನಲ್ಲೇ. ಮೆದುಳನ್ನು ಅಳೆದು ನೋಡಿ ಬಂದ ಲೆಕ್ಕ ಅದಲ್ಲ.

ಮುಂದಿನ ಸಾಲು: “ಉಳಿದ 90 ಭಾಗ ನಿದ್ದೆಯಲ್ಲಿದೆ.” ಮೆದುಳಿನ ತೂಕ ಸುಮಾರು 1.4 ಕಿಲೋ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಬಹುಪಾಲು ಕೆಲಸಕ್ಕೇ ಬಾರದ ಅಂಗಕ್ಕೆ ದೇಹ ಇಷ್ಟು ಸುರಿಯುತ್ತದಾ? ನಾವು ಮಲಗಿದಾಗಲೂ ಅದು ಪೂರ್ತಿ ಮಲಗುವುದಿಲ್ಲ. ನಿಮ್ಮ ಊರಲ್ಲೂ ಪಕ್ಷವಾತ ಬಡಿದವರನ್ನು ನೋಡಿರುತ್ತೀರಿ. ಮೆದುಳಿನ ಒಂದು ರಕ್ತನಾಳ ಕಟ್ಟಿಕೊಂಡರೆ ಸಾಕು, ಕೈ ಏಳುವುದಿಲ್ಲ, ಇಲ್ಲವೇ ಮಾತು ಹೋಗುತ್ತದೆ. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಒಬ್ಬ ರೋಗಿಯನ್ನು ಕಂಡರು. ಬೇರೆಯವರು ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ‘ಟಾನ್’ ಎಂಬ ಒಂದೇ ಶಬ್ದ. ಸತ್ತ ಮೇಲೆ ನೋಡಿದರೆ ಮೆದುಳಿನ ಎಡಗಡೆ, ಮುಂಭಾಗದಲ್ಲಿ ಗಾಯ. ಹತ್ತರಲ್ಲಿ ಒಂಬತ್ತು ಪಾಲು ಖಾಲಿ ಕೂತಿದ್ದರೆ ಹೆಚ್ಚಿನ ಗಾಯಗಳಿಂದ ಯಾರಿಗೂ ಏನೂ ಆಗಬಾರದಿತ್ತು, ಅಲ್ವಾ?

ಅದೇ ಪ್ಯಾರಾದ ಮೂರನೇ ಸಾಲು: “ಈ 90 ಭಾಗವನ್ನು ಎಬ್ಬಿಸಿದರೆ ಪ್ರತಿ ಮಗುವೂ ಜೀನಿಯಸ್.” ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಮೆದುಳು ಚುರುಕು ಮಾಡುವ ಕೋರ್ಸು, ಟಾನಿಕ್ಕು ಮಾರುವವರು ಹಿಡಿದುಕೊಂಡು ಬರುವುದು ಇದೇ ಸಾಲನ್ನು. ಅಡಿಕೆ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟುವವರು ನಮ್ಮ ಓದುಗರು.

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲಿದ್ದ ಹಿರಿಯ ಉಪಸಂಪಾದಕರು ‘ತಜ್ಞರ ಪ್ರಕಾರ’ ಅಂತ ಕಂಡ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಹೆಸರು?’ ಎಂದು ಬರೆದು ವಾಪಸ್ ಕೊಡುತ್ತಿದ್ದರು. ಒಮ್ಮೆ ಅಡಿಕೆಯ ಕೊಳೆರೋಗದ ಬಗ್ಗೆ ಯಾರೋ ಬರೆದ ಸುದ್ದಿ ನನ್ನ ಕೈಗೆ ಬಂತು. ಮಳೆಗೆ ಮೊದಲೇ ಮದ್ದು ಬಿಡಬೇಕೆಂದು ತಜ್ಞರು ತಿಳಿಸಿದ್ದಾರೆ, ಅಷ್ಟೇ. “ನೀನು ಕಾಸರಗೋಡಿನವನಲ್ವಾ, ಸಿಪಿಸಿಆರ್‌ಐಗೆ ಹೋಗಿ ಕೇಳಿಕೊಂಡು ಬಾ” ಎಂದರು. ಹೋದೆ. ತೋಟದ ಬೆಳೆಗಳ ಆ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಬ್ಬರು ಉದುರಿದ ಕಾಯಿಯೊಂದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಹತ್ತಿಯ ಹಾಗೆ ಹಬ್ಬಿದ್ದ ಬಿಳಿ ಬೂಸ್ಟು ತೋರಿಸಿದರು. ಇದು ಮಳೆನೀರಿನ ಜೊತೆ ಗೊನೆಯಿಂದ ಗೊನೆಗೆ ಹರಡುತ್ತದೆ, ಬೋರ್ಡೋ ದ್ರಾವಣ ಕಾಯಿಯ ಮೇಲೆ ಮೊದಲೇ ಕೂತಿದ್ದರೆ ಒಳಗೆ ಇಳಿಯಲು ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಸುದ್ದಿಗೆ ಅವರ ಹೆಸರೂ ಬಂತು, ಯಾಕೆ ಎನ್ನುವುದೂ ಬಂತು. ಅವತ್ತಿನಿಂದ ಹೆಸರಿಲ್ಲದ ‘ತಜ್ಞರು’ ಕಂಡರೆ ನನ್ನ ಪೆನ್ನು ತಾನಾಗಿ ನಿಲ್ಲುತ್ತದೆ.

ಇನ್ನು ನನ್ನ ಓದು ನಿಂತ ಎರಡನೇ ಕಡೆ. “ಮನೆಯಲ್ಲಿ ಅಜ್ಜಿಯ ಜೊತೆ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮೂರು ಭಾಷೆಯ ಭಾರಕ್ಕೆ ಮಗುವಿನ ಮೆದುಳು ಗೊಂದಲಗೊಳ್ಳುತ್ತದೆ ಎನ್ನುತ್ತದೆ ಮನಶ್ಶಾಸ್ತ್ರ.” ಮೊದಲ ಸಾಲು ಇಡೀ ಲೇಖನದಲ್ಲೇ ಜೀವ ಇರುವ ಸಾಲು, ಯಾಕೆಂದರೆ ಅದು ನೀವು ಕಂಡದ್ದು. ಎರಡನೆಯದು ಎಲ್ಲಿಂದ ಬಂತು? ಹಾಗೆ ನಂಬಿದ್ದ ಕಾಲವೊಂದು ಇತ್ತು, ನಿಜ. ಆಗಿನ ಅನೇಕ ಪರೀಕ್ಷೆಗಳಲ್ಲಿ ವಲಸೆ ಬಂದ ಬಡವರ ಮಕ್ಕಳನ್ನು ಉಳ್ಳವರ ಮಕ್ಕಳ ಪಕ್ಕ ಇಟ್ಟು ಅಳೆಯುತ್ತಿದ್ದರು, ಅದೂ ಆ ಮಕ್ಕಳಿಗೆ ಸರಿಯಾಗಿ ಬಾರದ ಭಾಷೆಯಲ್ಲಿ. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದೇ ಬಗೆಯ ಮನೆಗಳಿಂದ ಬಂದ 10 ವರ್ಷದ ಮಕ್ಕಳನ್ನು ಹೋಲಿಸಿದರು. ಫ್ರೆಂಚ್, ಇಂಗ್ಲಿಷ್ ಎರಡೂ ಬಲ್ಲವರೇ ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಜಾಸ್ತಿ ಭಾಷೆಯಿಂದ ಬುದ್ಧಿಗೆ ಎಷ್ಟು ಲಾಭ ಎಂಬ ಬಗ್ಗೆ ಇವತ್ತೂ ವಾದ ಇದೆ. ಆದರೆ ಮೆದುಳಿಗೆ ಭಾರ ಆಗುತ್ತದೆ ಎನ್ನಲು ಆಧಾರ ಇಲ್ಲ. ಕೊಂಕಣಿ ಮನೆಮಾತಿನ ಮಂಜೇಶ್ವರದ ಗೋವಿಂದ ಪೈಗಳು ಹತ್ತಾರು ಭಾಷೆ ಕಲಿತು ಕನ್ನಡದಲ್ಲಿ ಬರೆದ ಊರು ಇದು.

ಈ ಸಾಲಿಗೆ ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ನಿಮ್ಮ ಮಾತನ್ನು ನಂಬಿದ ಅಪ್ಪ ಅಮ್ಮ ಒಂದು ಭಾಷೆ ಕಡಿಮೆ ಮಾಡೋಣ ಅಂತ ಹೊರಟರೆ ಮೊದಲು ಬಿಡಿಸುವುದು ಯಾವುದನ್ನು? ಅಜ್ಜಿಯ ತುಳುವನ್ನು, ಆಮೇಲೆ ನಿಮ್ಮ ಕ್ಲಾಸಿನ ಕನ್ನಡವನ್ನು.

ಲೇಖನ ವಾಪಸ್ ಕಳಿಸಿದ್ದೇನೆ. ಎರಡನೇ ಪ್ಯಾರಾ ಪೂರ್ತಿ ತೆಗೆದುಬಿಡಿ. ನಿಮ್ಮ ಕ್ಲಾಸಿನ ಮಕ್ಕಳು ಮಗ್ಗಿ ಯಾವ ಭಾಷೆಯಲ್ಲಿ ಹೇಳುತ್ತಾರೆ, ಬಿದ್ದು ಪೆಟ್ಟಾದಾಗ ಯಾವ ಭಾಷೆಯಲ್ಲಿ ಅಳುತ್ತಾರೆ, ಆಟದಲ್ಲಿ ಜಗಳ ಬಂದರೆ ಯಾವುದಕ್ಕೆ ಹೊರಳುತ್ತಾರೆ, ಒಂದು ವಾರ ಗಮನಿಸಿ ಬರೆಯಿರಿ. ಮುಂದಿನ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿರುತ್ತೇನೆ. 15ನೇ ತಾರೀಕಿನೊಳಗೆ ಸಿಕ್ಕಿದರೆ ಸಾಕು.

ಇತಿ,
ಸಂಪಾದಕ