ಕೃಷಿ ಪದವಿ ಮುಗಿಸಿ ಸರ್ಕಾರದ ಪರವಾಗಿ ಆಮದು ಸುಂಕದ ಮಾತುಕತೆಗೆ ಕೂರುವ ಅಧಿಕಾರಿ ಆಗುವುದು ಹೇಗೆ?

ನೀವು ವಿರಾಜಪೇಟೆ ಕಡೆಯವರು, ಬಿಎಸ್ಸಿ ಕೃಷಿ ಕೊನೆಯ ವರ್ಷ, ಕಾಫಿ–ಕರಿಮೆಣಸಿನ ಪರವಾಗಿ ಬೇರೆ ದೇಶಗಳ ಜೊತೆ ಮಾತನಾಡುವ ಕೆಲಸಕ್ಕೆ ಯಾವ ಪರೀಕ್ಷೆ ಎಂದು ಕೇಳಿದ್ದೀರಿ. ಆ ಹೆಸರಿನ ನೇರ ಪರೀಕ್ಷೆ ಇಲ್ಲ. ಮಾತುಕತೆ ನಡೆಸುವುದು ದೆಹಲಿಯ ವಾಣಿಜ್ಯ ಇಲಾಖೆ, ಕೃಷಿ ಸಚಿವಾಲಯ ಅಲ್ಲ. ಕಾಫಿ ಬೋರ್ಡ್, ಸ್ಪೈಸಸ್ ಬೋರ್ಡ್ ಎರಡೂ ವಾಣಿಜ್ಯ ಸಚಿವಾಲಯದ ಕೆಳಗೇ ಬರುತ್ತವೆ.

ಮುಖ್ಯ ದಾರಿ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್. ಅಲ್ಲಿ ಇಂಡಿಯನ್ ಟ್ರೇಡ್ ಸರ್ವಿಸ್ ಇದೆ, ಸ್ಥಾನಗಳು ಬಹಳ ಕಡಿಮೆ. ಐಎಎಸ್ ಮತ್ತು ಇತರ ಸೇವೆಗಳವರು ನಿಯೋಜನೆಯ ಮೇಲೆ ವಾಣಿಜ್ಯ ಇಲಾಖೆಗೆ ಬರುತ್ತಾರೆ. ಇನ್ನೊಂದು ದಾರಿ ಕೃಷಿ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಮಾಡಿ, ದೆಹಲಿಯ ಐಐಎಫ್‌ಟಿ (ವಿದೇಶಿ ವ್ಯಾಪಾರ ಕಲಿಸುವ ಸಂಸ್ಥೆ)ಯ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಅಧ್ಯಯನ ಕೇಂದ್ರದಂಥ ಕಡೆ ಸಂಶೋಧಕರಾಗುವುದು. ಮೇಜಿನ ಮುಂದೆ ಕೂರುವವರಿಗೆ ಅಂಕಿಅಂಶ ಸಿದ್ಧ ಮಾಡಿಕೊಡುವವರು ಇಂಥವರೇ.

ಯುಪಿಎಸ್‌ಸಿಯ ಮುಖ್ಯ ಪರೀಕ್ಷೆ (ಮೇನ್ಸ್) ಕನ್ನಡದಲ್ಲಿ ಬರೆಯಬಹುದು. ಆದರೆ ಒಪ್ಪಂದಗಳ ಕರಡು ಇಂಗ್ಲಿಷ್‌ನಲ್ಲಿರುತ್ತದೆ. ಅಲ್ಲಿ ‘ಶಲ್’ (shall) ಎಂದಿದ್ದರೆ ದೇಶ ಕಟ್ಟುಬಿದ್ದಂತೆ; ‘ಮೇ’ (may) ಎಂದಿದ್ದರೆ ಮಾಡಲೂಬಹುದು, ಬಿಡಲೂಬಹುದು.

ಕೆಲಸದ ತಿರುಳು ಸುಂಕದ ಪಟ್ಟಿ. ನಿಮ್ಮ ತೋಟದ ಕರಿಮೆಣಸನ್ನೇ ತಗೊಳ್ಳಿ. ಪಟ್ಟಿಯಲ್ಲಿ ಪ್ರತಿ ಸರಕಿಗೂ ಒಂದು ಕೋಡ್ ಇರುತ್ತದೆ: ಇಡೀ ಕಾಳು 0904 11, ಪುಡಿ 0904 12. ಲೆಕ್ಕಕ್ಕೆ ಬಂದರಿನ ಬೆಲೆ ಕೆಜಿಗೆ 600 ರೂ. ಎಂದಿಟ್ಟುಕೊಳ್ಳಿ. ಸಾಮಾನ್ಯ ಸುಂಕ 70%, ಅಂದರೆ 420 ರೂ. ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆ ಭಾರತ ಮಾಡಿಕೊಂಡ, 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಇದು ಹಂತಹಂತವಾಗಿ 50%ಗೆ ಇಳಿದಿದ್ದರಿಂದ ವಿಯೆಟ್ನಾಂ ಕಾಳಿಗೆ 300 ರೂ. ಶ್ರೀಲಂಕಾದ್ದಕ್ಕೆ ಸಾಫ್ಟಾದಲ್ಲಿ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) 8%, ಬರೀ 48 ರೂ.; ಅದರ ಮೇಲೆ ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲದೆ ಬರಬಹುದು.

ವಿಯೆಟ್ನಾಂ ಕಾಳು ಶ್ರೀಲಂಕಾ ಹೆಸರಲ್ಲಿ ಬರುತ್ತಿದೆ ಎಂದು ಬೆಳೆಗಾರರು ದೂರಿದ್ದು ಈ ವ್ಯತ್ಯಾಸದಿಂದಲೇ. 2017ರ ಡಿಸೆಂಬರ್‌ನಲ್ಲಿ ಸರ್ಕಾರ ಕೆಜಿಗೆ 500 ರೂ. ಕನಿಷ್ಠ ಆಮದು ಬೆಲೆ ಹೇರಬೇಕಾಯಿತು, ಅಂದರೆ ಅದಕ್ಕಿಂತ ಅಗ್ಗದ ಕಾಳು ತರುವಂತಿಲ್ಲ. ಸುಂಕದ ಶೇಕಡಾ ಒಂದನ್ನೇ ನೋಡುವವರು ಎಡವುವುದು ಇಲ್ಲೇ. ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ‘ಮೂಲ ದೇಶದ ನಿಯಮ’ ಅಷ್ಟೇ ಮುಖ್ಯ; ನನ್ನ ಕೇಳಿದರೆ ಅದಕ್ಕಿಂತ ಹೆಚ್ಚು. ಹೊರಗಿನ ಕಾಳನ್ನು ಪುಡಿ ಮಾಡಿದರೆ ಮೂಲ ಬದಲಾಗುತ್ತದೆಯೇ? ಶ್ರೀಲಂಕಾ ಒಪ್ಪಂದ ಕೋಡ್‌ನ ಮೊದಲ 4 ಅಂಕಿ ಬದಲಾಗಬೇಕು ಎನ್ನುತ್ತದೆ. ಪುಡಿಯೂ 0904, ಹಾಗಾಗಿ ಆಗುವುದಿಲ್ಲ. ಆಸಿಯಾನ್‌ನಲ್ಲಿ 6 ಅಂಕಿಯ ಬದಲಾವಣೆ ಸಾಕು, 11 ಹೋಗಿ 12 ಆದರೆ ಆ ಷರತ್ತು ಈಡೇರಿತು. ಎರಡರಲ್ಲೂ ಸರಕಿನ ಮೌಲ್ಯದ 35% ಒಪ್ಪಂದದ ದೇಶಗಳಲ್ಲೇ ಸೇರಿರಬೇಕು ಎಂಬ ಷರತ್ತು ಬೇರೆ ಇದೆ.

ಪರೀಕ್ಷೆಗೆ ಓದುತ್ತಲೇ ಆಸಿಯಾನ್ ಒಪ್ಪಂದದಲ್ಲಿ ಭಾರತದ ಸುಂಕ ಪಟ್ಟಿ ಡೌನ್‌ಲೋಡ್ ಮಾಡಿಕೊಂಡು 0901 (ಕಾಫಿ), 0904 ಸಾಲುಗಳನ್ನು ಹುಡುಕಿ. ಕಾಫಿ, ಕಪ್ಪು ಚಹಾ, ಕರಿಮೆಣಸು, ತಾಳೆ ಎಣ್ಣೆಗಳನ್ನು ‘ವಿಶೇಷ ಉತ್ಪನ್ನ’ ಎಂದು ಪ್ರತ್ಯೇಕವಾಗಿಟ್ಟಿರುವುದು ಕಾಣುತ್ತದೆ. ವರ್ಷವಾರು ಇಳಿಕೆಯನ್ನು ಕೈಯಲ್ಲೇ ಕೋಷ್ಟಕ ಮಾಡಿ ಬರೆದುಕೊಳ್ಳಿ.