ಹಿಂದಿನವರ ಲಾಗಿನ್ ಮುಂದಿನವರಿಗೆ ಸಿಗದಂತೆ

ಪ್ರಶ್ನೆ: ಹಾಸನದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ವಿಂಡೋಸ್ 11 ಪ್ರೊ ಇರುವ 24 ಕಂಪ್ಯೂಟರ್‌ಗಳಿವೆ. ವಿದ್ಯಾರ್ಥಿಗಳೆಲ್ಲ ಒಂದೇ ಖಾತೆಯಲ್ಲಿ ಕ್ರೋಮ್ ಬಳಸುತ್ತಾರೆ. ಬೆಳಗಿನ ಬ್ಯಾಚಿನವರ ಜಿಮೇಲ್ ಮಧ್ಯಾಹ್ನದವರಿಗೆ ತೆರೆದೇ ಸಿಗುತ್ತದೆ. ಸೆಟ್ಟಿಂಗ್ ಸರಿಮಾಡಿಟ್ಟರೆ ಯಾರೋ ಬದಲಿಸಿಬಿಡುತ್ತಾರೆ.

ಉತ್ತರ: ಬ್ರೌಸರಿನ ಸೆಟ್ಟಿಂಗ್ ಕೈಬಿಟ್ಟು ಗ್ರೂಪ್ ಪಾಲಿಸಿಯಿಂದ (ಅಡ್ಮಿನ್ ಮಾತ್ರ ಬದಲಿಸಬಲ್ಲ ವಿಂಡೋಸ್ ನಿಯಮಗಳು) ಕಟ್ಟಿಹಾಕಿ. ವಿದ್ಯಾರ್ಥಿಗಳ ಖಾತೆ ಅಡ್ಮಿನ್ ಆಗಿರಬಾರದು; ಆಗಿದ್ದರೆ ಮುಂದಿನದ್ದೆಲ್ಲ ವ್ಯರ್ಥ.

ಗೂಗಲ್ ಕೊಡುವ ಪಾಲಿಸಿ ಟೆಂಪ್ಲೇಟ್ ಇಳಿಸಿಕೊಂಡು, ಅದರಲ್ಲಿರುವ ಎಡಿಎಂಎಕ್ಸ್ (ಪಾಲಿಸಿಗಳ ಪಟ್ಟಿಯಿರುವ) ಕಡತಗಳನ್ನು ಸಿ ಡ್ರೈವಿನ ವಿಂಡೋಸ್ ಒಳಗಿನ 'ಪಾಲಿಸಿಡೆಫಿನಿಶನ್ಸ್' ಫೋಲ್ಡರಿಗೆ ಹಾಕಿ. ಜೊತೆಗಿರುವ ಎಡಿಎಂಎಲ್ ಭಾಷಾ ಕಡತಗಳು ಅದರೊಳಗಿನ ಇಂಗ್ಲಿಷ್ (en-US) ಫೋಲ್ಡರಿಗೆ ಹೋಗಬೇಕು. ಅವನ್ನು ಮರೆತರೆ ಎಡಿಟರ್ ತೆರೆದ ಕೂಡಲೇ ಎರರ್ ಬರುತ್ತದೆ.

ಈಗ ಗ್ರೂಪ್ ಪಾಲಿಸಿ ಎಡಿಟರಿನಲ್ಲಿ 'ಡೀಫಾಲ್ಟ್ ಕುಕೀಸ್ ಸೆಟ್ಟಿಂಗ್' ತೆರೆದು, ಕುಕಿಗಳನ್ನು (ಲಾಗಿನ್ ನೆನಪಿಡಲು ಸೈಟುಗಳು ಬ್ರೌಸರಿನಲ್ಲಿ ಇಡುವ ಸಣ್ಣ ಮಾಹಿತಿ) ಸೆಶನ್ ಮುಗಿಯುವವರೆಗೆ, ಅಂದರೆ ಕ್ರೋಮ್ ಪೂರ್ತಿ ಮುಚ್ಚುವವರೆಗೆ, ಮಾತ್ರ ಇಡುವ ಆಯ್ಕೆಯನ್ನು ಆರಿಸಿ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಇದರ ಮೌಲ್ಯ 4. (2 ಎಂದರೆ ಪೂರ್ತಿ ತಡೆ, ಆಗ ಯಾರಿಗೂ ಲಾಗಿನ್ ಆಗಲು ಬರುವುದಿಲ್ಲ.) ಹೆಸರು ಕುಕಿಯದ್ದಾದರೂ ಸೈಟುಗಳು ಲೋಕಲ್ ಸ್ಟೋರೇಜಿನಲ್ಲಿ (ಬ್ರೌಸರಿನೊಳಗಿನ ಮತ್ತೊಂದು ಸಂಗ್ರಹ) ಇಡುವ ಡೇಟಾಕ್ಕೂ ಇದು ಅನ್ವಯಿಸುತ್ತದೆ.

ಇಷ್ಟು ಮಾಡಿಯೂ ಲಾಗಿನ್ ಉಳಿಯುತ್ತಿದೆ ಎನ್ನುವವರು ಎರಡು ಕಡೆ ನೋಡಬೇಕು. 'ಆ್ಯಕ್ಷನ್ ಆನ್ ಸ್ಟಾರ್ಟಪ್' ಹಿಂದಿನ ಟ್ಯಾಬುಗಳನ್ನೇ ತೆರೆಯುವಂತಿದ್ದರೆ ಕುಕಿಗಳು ಅಳಿಯುವುದೇ ಇಲ್ಲ; ಅದನ್ನು ಹೊಸ ಟ್ಯಾಬಿಗೆ ಬದಲಿಸಿ. ಎರಡನೆಯದು, ಮುಚ್ಚಿದ ಮೇಲೂ ಕ್ರೋಮ್ ಹಿನ್ನೆಲೆಯಲ್ಲಿ ಓಡುತ್ತಿರುವುದು. ವಿಂಡೋ ಕಾಣದಿದ್ದರೂ ಸೆಶನ್ ಜೀವಂತವಾಗಿರುತ್ತದೆ. ಬ್ಯಾಕ್‌ಗ್ರೌಂಡ್ ಆ್ಯಪ್‌ಗಳ ಪಾಲಿಸಿಯನ್ನು 'ಡಿಸೇಬಲ್ಡ್' ಮಾಡಿ. ಬ್ರೌಸರ್ ಸೈನ್‌ಇನ್ ಮತ್ತು ಪಾಸ್‌ವರ್ಡ್ ಉಳಿಸುವಿಕೆಯನ್ನೂ ಬಂದ್ ಮಾಡಿ.

ವಿದ್ಯಾರ್ಥಿ ಕ್ರೋಮ್ ಮುಚ್ಚದೆಯೇ ಎದ್ದು ಹೋದರೆ? ಅದಕ್ಕೆ 'ಐಡಲ್' ಪಾಲಿಸಿಗಳಿವೆ: ಸಮಯಕ್ಕೆ 5 ನಿಮಿಷ, ಕ್ರಿಯೆಗೆ ಬ್ರೌಸರ್ ಮುಚ್ಚುವುದು. ಬ್ಯಾಚ್ ಬದಲಾಗುವ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಸೈನ್‌ಔಟ್ ಮಾಡಿಸುವುದೇ ಒಳ್ಳೆಯದು.

ಪ್ರಶ್ನೆ: ಚಿಕ್ಕಮಗಳೂರಿನ ಎಸ್ಟೇಟ್ ಆಫೀಸಿನ ಕಂಪ್ಯೂಟರಿನಲ್ಲಿ ಹಾಜರಿ ಸೈಟಿಗೆ ಮಾತ್ರ ಕುಕಿ ಉಳಿಯಲಿ ಎಂದು ಅನುಮತಿ ಪಟ್ಟಿಗೆ ಸೇರಿಸಿದ್ದೇವೆ. ಆದರೂ ದಿನಾ ಬೆಳಗ್ಗೆ ಹೊಸದಾಗಿ ಲಾಗಿನ್ ಕೇಳುತ್ತದೆ. 'ಕ್ಲಿಯರ್ ಬ್ರೌಸಿಂಗ್ ಡೇಟಾ ಆನ್ ಎಕ್ಸಿಟ್' ಕೂಡ ಹಾಕಿದ್ದೇವೆ.

ಉತ್ತರ: ತೊಂದರೆ ಇರುವುದು ಆ ಕೊನೆಯ ವಾಕ್ಯದಲ್ಲೇ. ಎಕ್ಸಿಟ್ ಪಟ್ಟಿ ಅನುಮತಿ ಪಟ್ಟಿಯನ್ನು ನೋಡುವುದಿಲ್ಲ, ಎಲ್ಲವನ್ನೂ ಗುಡಿಸುತ್ತದೆ. ಕರೆಂಟ್ ಹೋಗಿ ಕ್ರೋಮ್ ಅರ್ಧಕ್ಕೆ ನಿಂತರೂ ಬಿಡದು. ಮುಂದಿನ ಸಲ ತೆರೆದಾಗ ಅಳಿಸುತ್ತದೆ. ಆ ಪಟ್ಟಿಯಿಂದ ಕುಕಿ ಮತ್ತು ಸೈಟ್ ಡೇಟಾ ತೆಗೆದು, ಹಿಸ್ಟರಿ ಮತ್ತು ಕ್ಯಾಶ್ (ಪುಟಗಳು ಬೇಗ ತೆರೆಯಲು ಬ್ರೌಸರ್ ಇಟ್ಟುಕೊಳ್ಳುವ ಪ್ರತಿಗಳು) ಅಷ್ಟೇ ಉಳಿಸಿ. ಉಳಿದ ಸೈಟುಗಳಿಗೆ ಮೇಲೆ ಹೇಳಿದ 4 ಸಾಕು. ಒಂದೇ ಸೈಟನ್ನು ಅನುಮತಿ, ತಡೆ ಎರಡೂ ಪಟ್ಟಿಗಳಲ್ಲಿ ಬರೆಯಬೇಡಿ.

ಡಿಸ್ಕಿನಲ್ಲಿ ಜಾಗ ಕಡಿಮೆಯೆಂದು ಕ್ಯಾಶ್ ಮಿತಿ ಹಾಕುವವರು ಅದನ್ನು ಬೈಟ್‌ಗಳಲ್ಲಿ ಬರೆಯಬೇಕು: 250 ಎಂಬಿಗೆ 262144000. ಬರೀ 250 ಎಂದರೆ 250 ಬೈಟ್ ಎಂದೇ ಅರ್ಥ. ಈ ಮಿತಿ ಕ್ಯಾಶಿಗೆ ಮಾತ್ರ, ಸೈಟುಗಳ ಉಳಿದ ಡೇಟಾಕ್ಕೆ ತಗಲುವುದಿಲ್ಲ.

ಬದಲಾವಣೆ ಮುಗಿದ ಮೇಲೆ ವಿಳಾಸ ಪಟ್ಟಿಯಲ್ಲಿ ಕ್ರೋಮ್‌ನ ಪಾಲಿಸಿ ಪುಟ (chrome://policy) ತೆರೆದು 'ರಿಲೋಡ್ ಪಾಲಿಸೀಸ್' ಒತ್ತಿ. ಪ್ರತಿ ಸಾಲಿನ ಎದುರಿಗೆ 'ಓಕೆ' ಕಾಣಬೇಕು. 'ಎರರ್' ಇದ್ದರೆ ಆ ಸಾಲಿನಲ್ಲಿ ಮೌಲ್ಯ ತಪ್ಪಾಗಿ ಬರೆದಿರಬಹುದು.